ಎಂಟು ಶಟರ್ ಬದಲು ಆರು ಚೌಕ: ಹಾಸನದ ಒಂದು ಸೈಟಿನ ಲೆಕ್ಕಾಚಾರ

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆ ಕಡೆ ನಮಗೆ 60×90 ಅಡಿಯ ಸೈಟಿದೆ. ಅದರಲ್ಲಿ ತಾತನ ಕಾಲದ ಹೆಂಚಿನ ಮನೆ, ಹಿತ್ತಿಲಲ್ಲಿ ಒಂದು ಬಾವಿ ಇವೆ. ಮನೆ ಕೆಡವಿ ಕೆಳಗೆ ಎಂಟು ಮಳಿಗೆ, ಮೊದಲ ಮಹಡಿಯಲ್ಲಿ ಆಫೀಸು, ಎರಡನೇ ಮಹಡಿಯಲ್ಲಿ ನಮ್ಮ ವಾಸ ಎಂದು ಮೇಸ್ತ್ರಿ ಒಂದು ನಕ್ಷೆ ಹಾಕಿಕೊಟ್ಟಿದ್ದಾರೆ. ಆದರೆ ಅಕ್ಕಪಕ್ಕದ ಕಾಂಪ್ಲೆಕ್ಸ್‌ಗಳಲ್ಲೇ ಎಷ್ಟೋ ಶಟರಿನ ಮೇಲೆ ‘ಬಾಡಿಗೆಗೆ ಇದೆ’ ಬೋರ್ಡು ನೇತಾಡುತ್ತಿದೆ. ಮಗ ಬೆಂಗಳೂರಿನ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುತ್ತಾನೆ. ಒಂದು ಮಹಡಿ ಪೂರ್ತಿ ಕೋ-ವರ್ಕಿಂಗ್ (ಬೇರೆ ಬೇರೆ ಕಂಪನಿಯವರು ಸೀಟು ಬಾಡಿಗೆಗೆ ಹಿಡಿದು ಕೂತು ಕೆಲಸ ಮಾಡುವ ಜಾಗ) ಮಾಡೋಣ ಅನ್ನುತ್ತಾನೆ. ಮುಂದಿನ ಮೂವತ್ತು ವರ್ಷ ಖಾಲಿ ಬೀಳದಂತೆ ಏನು ಕಟ್ಟಬೇಕು?

ಉತ್ತರ: ಮೇಸ್ತ್ರಿಯ ಎಂಟು ಶಟರ್ ಬೇಡ, ಮಗ ಹೇಳುವ ಪೂರ್ತಿ ಮಹಡಿಯ ಕೋ-ವರ್ಕಿಂಗೂ ಬೇಡ. ಇವತ್ತು ಯಾರು ಬಾಡಿಗೆಗೆ ಬರಬಹುದು ಎಂದು ಊಹಿಸಿ, ಆ ಊಹೆಗೇ ಮೋಲ್ಡ್ ಹಾಕಿಬಿಡುವ ತಪ್ಪು ಎರಡರಲ್ಲೂ ಇದೆ. ಬಾಡಿಗೆದಾರರು ಐದಾರು ವರ್ಷಕ್ಕೆ ಬದಲಾಗುತ್ತಾರೆ, ಕಂಬ ಬದಲಾಗುವುದಿಲ್ಲ. ಆಮೇಲೆ ಬದಲಾಯಿಸಲು ಆಗದವು ನಾಲ್ಕು: ಕಂಬದ ಸಾಲು, ಮಹಡಿಯ ಎತ್ತರ, ಮೆಟ್ಟಿಲು, ಪೈಪು ಇಳಿಯುವ ಡಕ್ಟು. ದುಡ್ಡನ್ನು ಇವಕ್ಕೆ ಸುರಿಯಿರಿ. ಗೋಡೆ, ಟೈಲ್ಸ್, ಫಾಲ್ಸ್ ಸೀಲಿಂಗ್ ಬಂದವರ ಇಷ್ಟದಂತೆ ಬಂದು ಹೋಗಲಿ.

ಅಕ್ಕಪಕ್ಕದ ಮಳಿಗೆಗಳು ಯಾಕೆ ಖಾಲಿ ಬಿದ್ದಿವೆ ಎಂಬುದನ್ನು ಮೊದಲು ನೋಡೋಣ. 10×20 ಅಡಿಯ ಮಳಿಗೆಯಲ್ಲಿ ಒಂದು ಕಾಲಕ್ಕೆ ಎಸ್‌ಟಿಡಿ ಬೂತ್ ಇತ್ತು. ಆಮೇಲೆ ಸಿ.ಡಿ. ಅಂಗಡಿ, ಸೈಬರ್ ಕೆಫೆ, ಮೊಬೈಲ್ ರೀಚಾರ್ಜ್ ಬಂದವು. ಇವಕ್ಕೆಲ್ಲ ಒಂದು ಶಟರ್, ಒಂದು ಕೌಂಟರ್, ಒಂದು ಟ್ಯೂಬ್‌ಲೈಟ್ ಇದ್ದರೆ ಸಾಕಿತ್ತು. ಆ ವ್ಯಾಪಾರವೆಲ್ಲ ಈಗ ಫೋನಿನೊಳಗೆ ಹೋಗಿದೆ. ಫೋನಿನೊಳಗೆ ಹೋಗಲಾರದ್ದು ಯಾವುದು? ಹಲ್ಲು ಕೀಳಿಸುವುದು, ರಕ್ತ ಪರೀಕ್ಷೆ, ಫಿಸಿಯೋಥೆರಪಿ, ಕಟಿಂಗ್, ಬಿಸಿ ದೋಸೆ, ಟ್ಯೂಷನ್, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೀಡಿಂಗ್ ರೂಮ್. ಇವಕ್ಕೆ ನೀರು ಬೇಕು, ಕೊಳಚೆ ಹೋಗಲು ದಾರಿ ಬೇಕು, ಒಳಗೇ ಶೌಚಾಲಯ ಬೇಕು, ನಾಲ್ಕು ಜನ ಕೂತು ಕಾಯಲು ಜಾಗ ಬೇಕು. ಶಟರ್ ಸಾಲಿನಲ್ಲಿ ಇದೊಂದೂ ಇರುವುದಿಲ್ಲ. ಇರುವುದು ಹಿಂದಿನ ಮೂಲೆಯಲ್ಲಿ ಬೀಗ ಹಾಕಿದ ಒಂದೇ ಒಂದು ಟಾಯ್ಲೆಟ್. ಹಾಗಾಗಿ ಬಾಡಿಗೆ ಇಳಿಸಿದರೂ ದಂತವೈದ್ಯರು ಅಲ್ಲಿಗೆ ಬರಲಾರರು.

ಕಂಬದ ಸಾಲಿಗೆ ಬರೋಣ. ಸೆಟ್‌ಬ್ಯಾಕ್ (ಗಡಿಯಿಂದ ಬಿಡಬೇಕಾದ ಜಾಗ) ಎಷ್ಟು, ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಲೆಕ್ಕ) ಎಷ್ಟು, ಆ ಜಾಗಕ್ಕೆ ವಾಣಿಜ್ಯ ಬಳಕೆಗೆ ಅವಕಾಶ ಇದೆಯೇ ಎಂಬುದನ್ನು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಲಿಖಿತವಾಗಿ ತಿಳಿದುಕೊಂಡೇ ಪೆನ್ಸಿಲ್ ಹಿಡಿಯಬೇಕು. ಲೆಕ್ಕಕ್ಕಾಗಿ ಮುಂದೆ 15 ಅಡಿ, ಹಿಂದೆ 7, ಒಂದು ಪಕ್ಕ 4, ಕಾರು ಹಿಂದಕ್ಕೆ ಹೋಗಲು ಇನ್ನೊಂದು ಪಕ್ಕ 10 ಅಡಿ ಬಿಟ್ಟೆವು ಎಂದುಕೊಳ್ಳಿ. ಕಟ್ಟಡಕ್ಕೆ 46×68 ಅಡಿ ಉಳಿಯುತ್ತದೆ. ಇದನ್ನು ಅಗಲಕ್ಕೆ ಎರಡು, ಉದ್ದಕ್ಕೆ ಮೂರು ಭಾಗ ಮಾಡಿದರೆ ಹೆಚ್ಚುಕಡಿಮೆ 23×23 ಅಡಿಯ ಆರು ಚೌಕ, ಒಟ್ಟು ಹನ್ನೆರಡು ಕಂಬ. ಒಂದೊಂದು ಚೌಕ ಸುಮಾರು 520 ಚದರ ಅಡಿ. ಒಬ್ಬರು ಒಂದು ಚೌಕ ಹಿಡಿಯಬಹುದು, ಲ್ಯಾಬಿನವರು ಎರಡು, ಕೋಚಿಂಗ್‌ನವರು ಮೂರು. ಸಣ್ಣ ಅಂಗಡಿಯೇ ಬೇಕೆಂದು ಯಾರಾದರೂ ಬಂದರೆ ಮುಂದಿನ ಚೌಕದ ನಡುವೆ ಒಂದು ಹಗುರ ಗೋಡೆ ಎಬ್ಬಿಸಿ, ಹನ್ನೊಂದೂವರೆ ಅಡಿಯ ಎರಡು ಮಳಿಗೆ ಸಿಗುತ್ತವೆ. ಎಂಟು ಶಟರಿಗೆಂದು ಹತ್ತು ಹತ್ತು ಅಡಿಗೆ ಕಂಬ ನಿಲ್ಲಿಸಿದರೆ ಗೋಡೆ ಒಡೆದರೂ ಕಂಬಗಳು ನಡುಮನೆಯಲ್ಲಿ ಉಳಿಯುತ್ತವೆ. ಕಾರು ತಿರುಗುವುದಿಲ್ಲ, ಬೆಂಚು ಸಾಲಾಗಿ ಕೂರುವುದಿಲ್ಲ.

23 ಅಡಿಯ ಅಂತರಕ್ಕೆ ಬೀಮು ಸುಮಾರು 2 ಅಡಿ ಆಳ ಬರುತ್ತದೆ; ಚೌಕದ ನಡುವೆ ಒಂದು ಸೆಕೆಂಡರಿ ಬೀಮ್ ಕೊಟ್ಟರೆ ಮೋಲ್ಡಿನ ದಪ್ಪ ಹತೋಟಿಯಲ್ಲಿರುತ್ತದೆ. ಕಂಬ ಗೋಡೆಯಲ್ಲಿ ಮುಚ್ಚಿಹೋಗಲಿ ಎಂದು 9 ಇಂಚಿಗೆ ಇಳಿಸಲು ಬಂದರೆ ಒಪ್ಪಬೇಡಿ. ಯಾವ ಬದಿಯೂ 12 ಇಂಚಿಗೆ ಕಡಿಮೆ ಇರಬಾರದು. ಈ ಅಳತೆಗಳನ್ನು ಅಂತಿಮ ಮಾಡುವವರು ಸ್ಟ್ರಕ್ಚರಲ್ ಎಂಜಿನಿಯರ್, ಅದೂ ಮಣ್ಣು ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ.

ಎಂಜಿನಿಯರಿಗೆ ನೀವೇ ಬಾಯಿ ಬಿಟ್ಟು ಹೇಳಬೇಕಾದ ಮಾತು ಒಂದಿದೆ: ಎಲ್ಲ ಮಹಡಿಗೂ ಅಂಗಡಿಯ ಭಾರ ಹಿಡಿಯಿರಿ. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹಿಡಿದರೆ ಸಾಕು. ಅಂಗಡಿಗೆ 400 ಕೆ.ಜಿ., ಜಿಮ್‌ಗೆ 500 ಕೆ.ಜಿ. ಬೇಕು. ನಕ್ಷೆಯಲ್ಲಿ ‘ಮನೆ’ ಎಂದು ಬರೆದಿದ್ದರೆ ಎಂಜಿನಿಯರ್ 200ಕ್ಕೇ ಕಂಬಿ ಕಟ್ಟಿಸುತ್ತಾರೆ, ಅದು ಅವರ ತಪ್ಪಲ್ಲ. ಹತ್ತು ವರ್ಷದ ಮೇಲೆ ನೀವು ಆ ಮನೆಯನ್ನು ಕೋಚಿಂಗ್ ಸೆಂಟರಿಗೋ ಆಡಿಟರ ಕಡತ ತುಂಬಿದ ಆಫೀಸಿಗೋ ಕೊಟ್ಟಾಗ ಮೋಲ್ಡ್ ಬಗ್ಗುತ್ತದೆ, ಟೈಲ್ಸ್ ಬಿರಿಯುತ್ತದೆ. ಅಡ್ಡಗೋಡೆ ಎಲ್ಲಿ ಬೇಕಾದರೂ ಬರಬಹುದು ಎಂದು ಚದರ ಮೀಟರಿಗೆ ಇನ್ನೊಂದು 100 ಕೆ.ಜಿ. ಸೇರಿಸಿಕೊಳ್ಳಿ. ಆದರೆ ಆ 100 ಕೆ.ಜಿ. ಹಗುರ ಗೋಡೆಗೆ ಮಾತ್ರ. 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆ 10 ಅಡಿ ಎತ್ತರಕ್ಕೆ, ಎರಡೂ ಕಡೆ ಪ್ಲಾಸ್ಟರಿಂಗ್ ಸೇರಿ, ಒಂದು ಮೀಟರ್ ಉದ್ದಕ್ಕೆ 700 ಕೆ.ಜಿ. ಮೀರುತ್ತದೆ. ಅದೇ ಗೋಡೆ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕಿನದಾದರೆ ಅರ್ಧಕ್ಕರ್ಧ ಇಳಿಯುತ್ತದೆ, ಜಿಪ್ಸಮ್ ಬೋರ್ಡಿನದಾದರೆ ಇನ್ನೂ ಕಡಿಮೆ. ಬೀಮಿಲ್ಲದ ಕಡೆ ಸಾಲಿಡ್ ಬ್ಲಾಕ್ ಗೋಡೆ ಎಬ್ಬಿಸಬಾರದು ಎಂದು ಬಾಡಿಗೆ ಕರಾರಿನಲ್ಲೇ ಬರೆಸಿ.

ನೆಲದಿಂದ ನೆಲಕ್ಕೆ ಕೆಳಮಹಡಿಗೆ 13 ಅಡಿ, ಮೊದಲ ಮಹಡಿಗೆ ಹನ್ನೆರಡೂವರೆ, ನಿಮ್ಮ ವಾಸದ ಮಹಡಿಗೂ 11ಕ್ಕೆ ಕಡಿಮೆ ಬೇಡ. ಹತ್ತೇ ಅಡಿ ಕೊಟ್ಟರೆ ಬೀಮಿನ ಕೆಳಗೆ 8 ಅಡಿ ಉಳಿಯುತ್ತದೆ. ಅಲ್ಲಿ ಫಾಲ್ಸ್ ಸೀಲಿಂಗ್ ಹಾಕಿದರೆ ಕೈ ಎತ್ತಿದರೆ ತಾಗುತ್ತದೆ. 13 ಅಡಿ ನೋಡಿ ಅಟ್ಟ ಹಾಕೋಣ ಅನ್ನಿಸುತ್ತದೆ. ಕೆಳಗೂ ಮೇಲೂ ತಲೆ ತಗ್ಗಿಸಿ ನಡೆಯುವ ಎರಡು ಅರೆಬರೆ ಮಹಡಿಗಿಂತ ಒಂದು ಎತ್ತರದ ಮಹಡಿಗೆ ಒಳ್ಳೆಯ ಬಾಡಿಗೆದಾರ ಸಿಗುತ್ತಾನೆ.

ಇನ್ನು ಡಕ್ಟು. ಈ ಉತ್ತರದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಹಿಂದಿನ ಮೂಲೆಯಲ್ಲಿ ಒಂದು ಟಾಯ್ಲೆಟ್, ಅದರ ಹೊರಗೋಡೆ ಮೇಲೆ ಪೈಪು, ಅಲ್ಲಿಗೆ ಪ್ಲಂಬಿಂಗ್ ಮುಗಿಯಿತು ಅನ್ನುತ್ತಾರೆ. ಈಗ ಮೊದಲ ಮಹಡಿಯ ಮುಂದಿನ ಚೌಕಕ್ಕೆ ಕ್ಲಿನಿಕ್ ಬಂತು, ಕೈ ತೊಳೆಯಲು ಒಂದು ಬೇಸಿನ್ ಬೇಕು. ಹಿಂದಿನ ಪೈಪಿಗೆ 40 ಅಡಿ ದೂರ. ಪೈಪು 40 ಅಡಿಗೆ 1 ಅಡಿ ಇಳಿಯುವಂತೆ ಮಲಗಿದರೆ ನೀರಿನ ಜೊತೆ ಕೊಳೆಯೂ ಸಾಗುತ್ತದೆ. ಅಂದರೆ ಬೇಸಿನ್ನಿನಿಂದ ಹಿಂದಿನವರೆಗೆ ಪೈಪು 12 ಇಂಚು ಇಳಿಯಬೇಕು, ಪೈಪಿನದೇ ದಪ್ಪ 3 ಇಂಚು. 12 ಇಂಚು ತಗ್ಗಿಸಿದ ಸಂಕನ್ ಸ್ಲ್ಯಾಬಿನಲ್ಲೂ ಇದು ಹಿಡಿಸುವುದಿಲ್ಲ. ಆಗ ಪ್ಲಂಬರ್ ಮಾಡುವುದು ಎರಡರಲ್ಲೊಂದು: ಇಳಿಜಾರು ಕಡಿಮೆ ಮಾಡುತ್ತಾನೆ, ಆರು ತಿಂಗಳಿಗೆ ಪೈಪು ಕಟ್ಟಿಕೊಳ್ಳುತ್ತದೆ. ಇಲ್ಲವೇ ಮೋಲ್ಡ್ ಕೊರೆದು ಪೈಪನ್ನು ಕೆಳಗಿನ ಅಂಗಡಿಯ ತಲೆಯ ಮೇಲೆ ನೇತುಹಾಕುತ್ತಾನೆ. ಜಾಯಿಂಟ್ ಸಡಿಲವಾದ ದಿನ ಕೆಳಗಿನವರ ಮಾಲಿನ ಮೇಲೆ ತೊಟ್ಟಿಕ್ಕುತ್ತದೆ, ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ.

ಇದಕ್ಕೆ ಪರಿಹಾರ ಎರಡು ಡಕ್ಟು. ಮುಂದಿನ ಚೌಕ ಮತ್ತು ನಡುವಿನ ಚೌಕ ಕೂಡುವ ಜಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು. ಆಗ ಮುಂದಿನ ಮೂಲೆಗೂ 23 ಅಡಿ ಮೀರುವುದಿಲ್ಲ, ಇಳಿಜಾರಿಗೆ 7 ಇಂಚು ಸಾಕು. ಡಕ್ಟಿನ ಒಳ ಅಳತೆ 3×5 ಅಡಿ ಇರಲಿ. ಒಬ್ಬ ಪ್ಲಂಬರ್ ಒಳಗೆ ನಿಂತು ಎರಡೂ ಕೈ ಆಡಿಸುವಂತಿರಬೇಕು. ಪ್ರತಿ ಮಹಡಿಯಲ್ಲಿ ಅದಕ್ಕೊಂದು ಬಾಗಿಲು, ಒಳಗೆ ನಿಲ್ಲಲು ಜಾಲರಿ. ಶೌಚದ 4 ಇಂಚಿನ ಪೈಪು, ಬೇಸಿನ್ ಮತ್ತು ಅಡುಗೆಮನೆ ನೀರಿನ ಬೇರೆ ಪೈಪು, ಟೆರೇಸ್ ದಾಟಿ ಮೇಲೆ ಹೋಗುವ ಗಾಳಿ ಪೈಪು, ಕುಡಿಯುವ ನೀರಿನದು, ಬಳಸುವ ನೀರಿನದು ಎಲ್ಲ ಇದರಲ್ಲಿ ಇಳಿಯಲಿ. ಪ್ರತಿ ಮಹಡಿಯಲ್ಲಿ ಮುಚ್ಚಳ ಹಾಕಿದ ಒಂದೊಂದು ಟೀ (ಪೈಪಿನ ಕವಲು ಜೋಡಣೆ) ಬಿಟ್ಟಿರಿ. ಇವತ್ತು ಬೇಡದಿದ್ದರೂ ನಾಳೆ ಬರುವವರು ಅಲ್ಲಿಗೇ ಜೋಡಿಸಿಕೊಳ್ಳುತ್ತಾರೆ. ಕರೆಂಟಿನ ಕೇಬಲ್ಲನ್ನು ಮಾತ್ರ ಈ ಡಕ್ಟಿನಲ್ಲಿ ಬಿಡಲೇಬಾರದು. ಅದಕ್ಕೆ ಮೆಟ್ಟಿಲಿನ ಪಕ್ಕ 2×4 ಅಡಿಯ ಒಣ ಡಕ್ಟು ಬೇರೆ ಇರಲಿ.

ಮೊದಲ ಮಹಡಿಯ ಎರಡೂ ಹೊರಗೋಡೆಗುಂಟ, ಡಕ್ಟಿಗೆ ಕೂಡಿಕೊಂಡಂತೆ, 6 ಅಡಿ ಅಗಲದ ಪಟ್ಟಿಯನ್ನು 12 ಇಂಚು ತಗ್ಗಿಸಿ ಮೋಲ್ಡ್ ಹಾಕಿಸಿ. ಶೌಚಾಲಯ, ಬೇಸಿನ್, ಪ್ಯಾಂಟ್ರಿ ಎಲ್ಲ ಈ ಪಟ್ಟಿಯೊಳಗೇ ಬರಬೇಕು ಎಂಬುದು ಬಾಡಿಗೆದಾರರಿಗೆ ಶರತ್ತು. ವಾಟರ್‌ಪ್ರೂಫಿಂಗ್ ಆದ ಮೇಲೆ ತಗ್ಗಿನಲ್ಲಿ ನೀರು ತುಂಬಿ ಮೂರು ದಿನ ಬಿಡಿ. ಕೆಳಗಿನಿಂದ ಮೋಲ್ಡಿಗೆ ಅಂಗೈ ಒತ್ತಿ ನೋಡಿ. ತೇವ ತಾಗಿದರೆ ಮುಂದೆ ಹೋಗಬೇಡಿ. ತಗ್ಗಿನ ತಳದಲ್ಲಿ 2 ಇಂಚಿನ ಒಂದು ಪೈಪಿನ ಬಾಯಿ ಇಟ್ಟು ಅದರ ತುದಿಯನ್ನು ಡಕ್ಟಿನೊಳಗೆ ಬಿಡಿ. ಎಷ್ಟೋ ವರ್ಷದ ಮೇಲೆ ಟೈಲ್ಸ್ ಕೆಳಗೆ ನೀರು ಜಿನುಗಿದರೂ ಆ ಬಾಯಿಯಿಂದ ಡಕ್ಟಿಗೆ ತೊಟ್ಟಿಕ್ಕುತ್ತದೆ. ಯಾವ ಮಹಡಿ, ಯಾರ ಟಾಯ್ಲೆಟ್ ಎಂಬುದು ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತದೆ. ತಗ್ಗನ್ನು ತುಂಬಲು ಒಡೆದ ಇಟ್ಟಿಗೆ, ಕಟ್ಟಡದ ಕಸ ಬೇಡ. ಅದು ನೀರು ಹೀರಿಕೊಂಡು ಭಾರವಾಗುತ್ತದೆ, ಚೂಪು ತುದಿ ವಾಟರ್‌ಪ್ರೂಫಿಂಗ್ ಪದರ ಹರಿಯುತ್ತದೆ. ಎಎಸಿ ಬ್ಲಾಕಿನ ಚೂರು ಹಗುರ.

ಕೆಳಗೆ ಹೋಟೆಲ್ ಬರುವ ಸಾಧ್ಯತೆ ಇದ್ದರೆ ಹೊಗೆಗೆ ಬೇರೆಯದೇ ದಾರಿ ಬೇಕು. ಮುಂದಿನ ಒಂದು ಚೌಕದಿಂದ ಟೆರೇಸಿನವರೆಗೆ 2×2 ಅಡಿಯ ಖಾಲಿ ಕೊಳವೆ ಬಿಟ್ಟು, ಟೆರೇಸ್ ಮೇಲೆ ಇನ್ನೂ ಆರೇಳು ಅಡಿ ಎತ್ತರಿಸಿ. ಇಲ್ಲದಿದ್ದರೆ ಒಗ್ಗರಣೆ ಹೊಗೆಯೆಲ್ಲ ನಿಮ್ಮ ಮನೆಯ ಕಿಟಕಿಗೆ ಬರುತ್ತದೆ. ಜಿಡ್ಡು ಹಿಡಿಯುವ ಗ್ರೀಸ್ ಟ್ರ್ಯಾಪ್ ಹೊರಗೆ, ಚೇಂಬರಿಗೆ ಮೊದಲು ಇರಲಿ.

ಮೆಟ್ಟಿಲು 5 ಅಡಿ ಅಗಲ. ಕಾಂಪ್ಲೆಕ್ಸ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರೂವರೆ ಅಡಿಯ ಮೆಟ್ಟಿಲು ಮನೆಗೆ ಸರಿ, ನಲವತ್ತು ಮಕ್ಕಳ ಟ್ಯೂಷನ್ ಬಿಟ್ಟಾಗ ಅಪಾಯ. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಕೂಡ ವಾಣಿಜ್ಯ ಕಟ್ಟಡಕ್ಕೆ ಒಂದೂವರೆ ಮೀಟರ್ ಕೇಳುತ್ತದೆ. ಹನ್ನೆರಡೂವರೆ ಅಡಿ ಏರಲು 6 ಇಂಚು ಎತ್ತರದ 25 ಮೆಟ್ಟಿಲು ಬೇಕು. ಎರಡು ಮಜಲಾಗಿ ಮಡಿಚಿದರೆ, ನಿಲುಗಡೆ ಸೇರಿ 22 ಅಡಿ ಉದ್ದ, ಹತ್ತೂವರೆ ಅಡಿ ಅಗಲ. ಸರಿಯಾಗಿ ಅರ್ಧ ಚೌಕ. ಉಳಿದರ್ಧದಲ್ಲಿ ಲಿಫ್ಟ್, ಒಂದು ಡಕ್ಟು, ಸಾರ್ವಜನಿಕ ಟಾಯ್ಲೆಟ್. ಹೀಗೆ ಡ್ರೈವ್‌ವೇ ಪಕ್ಕದ ನಡುವಿನ ಚೌಕ ಪೂರ್ತಿ ಇದಕ್ಕೇ ಹೋಗುತ್ತದೆ, ಮೊದಲ ಮಹಡಿಯಲ್ಲಿ ಬಾಡಿಗೆಗೆ ಐದು ಚೌಕ ಉಳಿಯುತ್ತವೆ. ಕೆಳಗೆ ಹಿಂದಿನ ಎರಡು ಚೌಕ ಪಾರ್ಕಿಂಗಿಗೆ ಹೋಗಿ ಮೂರು ಉಳಿಯುತ್ತವೆ. ಎಂಟು ಮಳಿಗೆ ಮೂರಾಯಿತೆಂದು ಕೊರಗಬೇಡಿ. ನಿಲ್ಲಿಸಲು ಜಾಗ ಇಲ್ಲದ ಅಂಗಡಿಗೆ ಕಾರಿನವರು ಈಗ ಹೋಗುವುದಿಲ್ಲ.

ಲಿಫ್ಟಿಗೆ ಇವತ್ತು ದುಡ್ಡಿಲ್ಲದಿದ್ದರೂ ಬಾವಿಯಂಥ ಅದರ ಗುಂಡಿ ಮತ್ತು ಮೋಲ್ಡಿನ ತೂತು ಈಗಲೇ ಬಿಡಿ. ಗುಂಡಿ 5 ಅಡಿ ಆಳ, ವಾಟರ್‌ಪ್ರೂಫಿಂಗ್ ಮಾಡಿದ್ದು. ಮಳೆಗಾಲದಲ್ಲಿ ನೀರು ಜಿನುಗುವುದು ಮೊದಲು ಅಲ್ಲಿಗೇ. ಮೊದಲ ಮಹಡಿಗೆ ಲಿಫ್ಟಿಲ್ಲದಿದ್ದರೆ ಮಂಡಿ ನೋವಿನವರು ಬರುವ ಯಾವ ಕ್ಲಿನಿಕ್ಕೂ ಹತ್ತುವುದಿಲ್ಲ. ಮುಂದೆ ರ‍್ಯಾಂಪ್ ಕೂಡ ಬೇಕು. ಸಾರ್ವಜನಿಕರು ಬಂದುಹೋಗುವ ಕಟ್ಟಡಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅನ್ವಯಿಸುತ್ತದೆ. 1 ಅಡಿ ಎತ್ತರಕ್ಕೆ 12 ಅಡಿ ಉದ್ದದ ಲೆಕ್ಕ. ಹಾಗಾಗಿ ನೆಲಮಟ್ಟವನ್ನು ರಸ್ತೆಯಿಂದ ಒಂದೂವರೆ ಅಡಿ ಎತ್ತರಿಸಿದರೆ 18 ಅಡಿಯ ರ‍್ಯಾಂಪ್, ಮುಂಭಾಗಕ್ಕೆ ಸಮಾನಾಂತರವಾಗಿ ಆರಾಮಾಗಿ ಕೂರುತ್ತದೆ. ಮುಂದೆ ಡಾಂಬರು ಏರುತ್ತದೆಂದು 3 ಅಡಿ ಎತ್ತರಿಸುವವರಿದ್ದಾರೆ. ಅದಕ್ಕೆ 36 ಅಡಿಯ ರ‍್ಯಾಂಪ್ ಬೇಕು, ಅಂಗಡಿಯ ಮುಖವೇ ಮುಚ್ಚಿಹೋಗುತ್ತದೆ.

ಮುಂಭಾಗದ ವಿಷಯ. ಹಾಸನವನ್ನು ಬಡವರ ಊಟಿ ಅನ್ನುವುದು ಸುಮ್ಮನೆ ಅಲ್ಲ. ಇಲ್ಲಿನ ಗಾಳಿಯೇ ವರ್ಷದ ಬಹುಪಾಲು ಎಸಿಯ ಕೆಲಸ ಮಾಡುತ್ತದೆ. ಬೆಂಗಳೂರಿನ ಟೆಕ್ ಪಾರ್ಕ್ ನೋಡಿ ಇಡೀ ಮುಂಭಾಗಕ್ಕೆ ತೆರೆಯಲಾಗದ ಗಾಜು ಹೊಡೆಸಿದರೆ ಆ ಗಾಳಿಯನ್ನು ನೀವೇ ಹೊರಗಿಟ್ಟಂತೆ, ಆಮೇಲೆ ಮಧ್ಯಾಹ್ನವಿಡೀ ಎಸಿ ಓಡಬೇಕು. ಒಂದು ಚೌಕಕ್ಕೆ 80ರಿಂದ 90 ಚದರ ಅಡಿ ತೆರೆಯುವ ಕಿಟಕಿ, ಅದರ ಮೇಲೆ ಎರಡೂವರೆ ಅಡಿ ಸಜ್ಜಾ ಇರಲಿ. ಜೂನ್‌ನಿಂದ ಗಾಳಿಯ ಜೊತೆ ಓರೆಯಾಗಿ ಬೀಳುವ ಮಳೆಗೆ ಅಂಗಡಿಯ ಮುಂದೆ 4 ಅಡಿ ಚಾಚು ಬೇಕು, ಅದರ ಅಂಚಿನ ಕೆಳಗೆ ಬೆರಳಗಲದ ಒಂದು ಗೀರು. ಆ ಗೀರಿಲ್ಲದಿದ್ದರೆ ನೀರು ಚಾಚಿನ ತಳವನ್ನೇ ಹಿಡಿದು ಹಿಂದಕ್ಕೆ ಹರಿದು ಶಟರ್ ಪೆಟ್ಟಿಗೆಯೊಳಗೆ ಇಳಿಯುತ್ತದೆ, ಎರಡು ಮಳೆಗಾಲಕ್ಕೆ ಸ್ಪ್ರಿಂಗ್ ತುಕ್ಕು. ಮೋಲ್ಡ್ ಹಾಕಲು ಕಟ್ಟುವ ಶಟರಿಂಗ್ ಹಲಗೆಗೆ ಒಂದು ಕಂಬಿ ತುಂಡು ಮೊಳೆ ಹೊಡೆದರೆ ಈ ಗೀರು ತಾನಾಗಿ ಮೂಡುತ್ತದೆ, ಖರ್ಚೇ ಇಲ್ಲ. ಆಮೇಲೆ ಕೊರೆಸಲು ಹೋದರೆ ಕಂಬಿ ಬಯಲಾಗುತ್ತದೆ.

ಈಗ ನಿಮ್ಮ ಮಗನ ಕೋ-ವರ್ಕಿಂಗ್. ಯೋಚನೆ ಸರಿಯಾಗಿದೆ, ಪ್ರಮಾಣ ಹೆಚ್ಚಾಯಿತು. ಓಡಾಟದ ಜಾಗ ಸೇರಿ ಒಂದು ಸೀಟಿಗೆ 50ರಿಂದ 60 ಚದರ ಅಡಿ ಹಿಡಿದರೆ ಒಂದು ಚೌಕದಲ್ಲಿ 8ರಿಂದ 10 ಜನ. ಅಲ್ಲಿಂದ ಶುರು ಮಾಡಲಿ, ತುಂಬಿದರೆ ಪಕ್ಕದ ಚೌಕದ ಗೋಡೆ ತೆಗೆಯುವುದು ಒಂದು ದಿನದ ಕೆಲಸ. ಇಂಥ ಜಾಗ ಸೋಲುವುದು ಸಾಮಾನ್ಯವಾಗಿ ಸದ್ದಿನಿಂದ. ಹತ್ತು ಜನರೂ ಏಕಕಾಲಕ್ಕೆ ಮೀಟಿಂಗಿನಲ್ಲಿ ಮಾತಾಡಿದರೆ ಅದು ಸಂತೆ. ಐದು ಜನಕ್ಕೆ ಒಂದರಂತೆ 4×4 ಅಡಿಯ ಕಾಲ್ ಬೂತ್ ಬೇಕು. ಗೋಡೆ ಎರಡು ಪದರ ಜಿಪ್ಸಮ್, ನಡುವೆ ಸದ್ದು ಹೀರುವ ರಾಕ್‌ವೂಲ್. ಆ ಗೋಡೆ ಫಾಲ್ಸ್ ಸೀಲಿಂಗಿನವರೆಗೆ ನಿಲ್ಲದೆ ಮೇಲಿನ ಮೋಲ್ಡಿಗೆ ತಾಗಬೇಕು. ಇಲ್ಲದಿದ್ದರೆ ಸೀಲಿಂಗ್ ಮೇಲಿನ ಖಾಲಿ ಜಾಗದಿಂದ ಮಾತೆಲ್ಲ ಪಕ್ಕಕ್ಕೆ ದಾಟುತ್ತದೆ. ವೈದ್ಯರ ಕೋಣೆಗೂ ಇದೇ ನಿಯಮ, ಅಲ್ಲಿ ಇನ್ನೂ ಮುಖ್ಯ: ರೋಗಿಯ ಮಾತು ಹೊರಗೆ ಕೂತವರಿಗೆ ಕೇಳಬಾರದು.

ಕರೆಂಟು ಹೋದಾಗ ಲ್ಯಾಪ್‌ಟಾಪ್, ಮಾನಿಟರ್ ಸೇರಿ ಸೀಟಿಗೆ 100 ವ್ಯಾಟ್, ದೀಪ, ರೂಟರ್ ಸೇರಿ ಹತ್ತು ಸೀಟಿಗೆ ಒಂದೂವರೆ ಕಿಲೋವ್ಯಾಟ್. ನಾಲ್ಕು ಗಂಟೆಗೆ 6 ಯೂನಿಟ್ ಕೊಡುವ ಬ್ಯಾಟರಿ ಸಾಕು. ರಸ್ತೆಯಿಂದ ಒಣ ಡಕ್ಟಿಗೆ 2 ಇಂಚಿನ ಎರಡು ಖಾಲಿ ಪೈಪು ಹೂತಿಡಿ, ಎರಡು ಬೇರೆ ಕಂಪನಿಯ ಫೈಬರ್ ಬರಲಿ. ಪ್ರತಿ ಚೌಕಕ್ಕೂ ತ್ರೀ-ಫೇಸ್ ಕೇಬಲ್, ವಿದ್ಯುತ್ ಕಂಪನಿ ಸೆಸ್ಕ್‌ನ ಬೇರೆ ಬೇರೆ ಮೀಟರ್. ವಾಸದ ಮನೆಯ ಮೀಟರ್ ಪ್ರತ್ಯೇಕ, ಅದರ ದರವೇ ಬೇರೆ. ಮೀಟರ್ ಬೋರ್ಡನ್ನು ಮೆಟ್ಟಿಲಿನ ಕೆಳಗೆ ಮಾತ್ರ ಇಡಬೇಡಿ. ಅಲ್ಲಿ ಬೆಂಕಿ ಹತ್ತಿದರೆ ಹೊಗೆ ಏರುವುದೂ ಅದೇ ದಾರಿ, ಜನ ಇಳಿಯುವುದೂ ಅದೇ ದಾರಿ.

ಎರಡನೇ ಮಹಡಿಯಲ್ಲಿ ನೀವೇ ಇರುವುದು ಒಳ್ಳೆಯದು. ಮಾಲೀಕರು ವಾಸವಿರುವ ಕಟ್ಟಡ ಚೊಕ್ಕಟವಾಗಿರುತ್ತದೆ. ಆದರೆ ಹಿಂದಿನ ಚೌಕದೊಳಗಿಂದ 4 ಅಡಿ ಅಗಲದ ಎರಡನೇ ಮೆಟ್ಟಿಲು ಮನೆಗೆಂದೇ ಇರಲಿ. ರಾತ್ರಿ ಪಾಳಿಯವರು ಓಡಾಡುವ ಮೆಟ್ಟಿಲಿನಲ್ಲಿ ಮನೆಯ ಹೆಣ್ಣುಮಕ್ಕಳು, ವಯಸ್ಸಾದವರು ಹತ್ತಿಳಿಯುವ ಪಾಡು ಬರುವುದಿಲ್ಲ. ಅನಾಹುತವಾದರೆ ಎಲ್ಲರಿಗೂ ಇನ್ನೊಂದು ದಾರಿ ಇದ್ದಂತಾಗುತ್ತದೆ. ಮೂರು ಚೌಕದಲ್ಲಿ ನಿಮ್ಮ ಮನೆ, ಉಳಿದ ಎರಡರಲ್ಲಿ ಒಂದೊಂದು ಕೋಣೆಯ ಸಣ್ಣ ಮನೆಗಳನ್ನು ಮಾಡಿದರೆ ಕಾಲೇಜಿನ ಉಪನ್ಯಾಸಕರಿಗೋ ನರ್ಸ್‌ಗಳಿಗೋ ಕೊಡಬಹುದು.

ಮುಂದೆ ಮೂರನೇ ಮಹಡಿ ಕಟ್ಟೋಣ ಎಂದು ಟೆರೇಸ್ ಮೇಲೆ ಕಂಬಿ ಬಿಟ್ಟು ನಿಲ್ಲಿಸುವ ರೂಢಿ ಊರೆಲ್ಲ ಇದೆ. ಹತ್ತು ಮಳೆಗಾಲ ನೆನೆದು ಸವೆದ ಆ ಕಂಬಿ ಹೊಸ ಕಂಬ ಹೊರುವುದಿಲ್ಲ. ಬಿಡಲೇಬೇಕಿದ್ದರೆ ಸಿಮೆಂಟ್ ಹಾಲು ಬಳಿದು, ತೆಳು ಕಾಂಕ್ರೀಟಿನಲ್ಲಿ ಮುಚ್ಚಿಬಿಡಿ. ಪಾಯವನ್ನು ಮಾತ್ರ ಈಗಲೇ ಆ ಮಹಡಿಯ ಭಾರಕ್ಕೂ ಲೆಕ್ಕ ಹಾಕಿಸಿ.

ಕರಾರಿನ ಬಗ್ಗೆ ಎರಡು ಮಾತು. ಹತ್ತಾರು ಲಕ್ಷ ಹಾಕಿ ಒಳಾಂಗಣ ಮಾಡಿಸುವ ಲ್ಯಾಬಿನವರು 11 ತಿಂಗಳ ಕರಾರಿಗೆ ಬರುವುದಿಲ್ಲ, ಐದು ವರ್ಷವಾದರೂ ಕೇಳುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು. ಜೊತೆಗೆ ಆ ಚೌಕದ ಕಂಬ, ಬೀಮು, ತಗ್ಗಿನ ಪಟ್ಟಿ, ಡಕ್ಟು ತೋರಿಸುವ ಒಂದು ಹಾಳೆ ನಕ್ಷೆ ಲಗತ್ತಿಸಿ, ಬೀಮು ಕಂಬಗಳನ್ನು ಕೊರೆಯಬಾರದು ಎಂದು ಬರೆಸಿ.

ಕೊನೆಯದಾಗಿ ಹಿತ್ತಿಲಿನ ಬಾವಿ. ಮನೆ ಕೆಡವಿದ ಮಣ್ಣನ್ನೇ ಅದಕ್ಕೆ ತುಂಬಿಬಿಡೋಣ ಎಂದು ಜೆಸಿಬಿಯವರು ಹೇಳುತ್ತಾರೆ, ಬಿಡಬೇಡಿ. ನಿಮ್ಮ ಟೆರೇಸ್ ಸುಮಾರು 290 ಚದರ ಮೀಟರ್, 25 ಮಿ.ಮೀ. ಮಳೆ ಬಿದ್ದ ದಿನ ಸುಮಾರು 6 ಸಾವಿರ ಲೀಟರ್ ನೀರು ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಉಳಿದದ್ದು ಜಲ್ಲಿ ಮರಳಿನ ಸೋಸುಗುಂಡಿ ದಾಟಿ ಬಾವಿಗೆ ಇಳಿಯಲಿ. ಆದರೆ ಹಳೆಯ ಬಾವಿಯ ಪಕ್ಕದ ಮಣ್ಣು ಸಡಿಲ, ಅದರ ಅಂಚಿಗೆ ಕಂಬದ ಗುಂಡಿ ತೋಡಿದರೆ ಎರಡೂ ಕುಸಿಯುತ್ತವೆ. ಮೇಸ್ತ್ರಿಯ ನಕ್ಷೆಯಲ್ಲಿ ಬಾವಿ ಬರೆದಿದೆಯೇ ನೋಡಿ. ಬರೆದಿಲ್ಲದಿದ್ದರೆ ನಾಳೆಯೇ ಟೇಪು ಹಿಡಿದು ಹಿಂದಿನ ಮತ್ತು ಪಕ್ಕದ ಗಡಿಯಿಂದ ಅದರ ದೂರ, ಅಗಲ, ಆಳ ಅಳೆದು ಎಂಜಿನಿಯರಿಗೆ ಕೊಡಿ. ಹಿಂದಿನ ಸಾಲಿನ ಕಂಬಗಳನ್ನು ಎಲ್ಲಿ ನಿಲ್ಲಿಸಬೇಕು, 68 ಅಡಿಯನ್ನು 64ಕ್ಕೆ ಇಳಿಸಬೇಕೇ ಎಂಬುದನ್ನು ಅವರು ಆ ಅಳತೆ ನೋಡಿಯೇ ಹೇಳಬೇಕು.